ಹಣೆಯ ಮೇಲಿನ ಕನ್ನಡಕ

ನಮ್ಮ ಲ್ಯಾಬ್ ಡೈರೆಕ್ಟರ ಕನ್ನಡಕ ಕಣ್ಣಿನ ಮೇಲಿದ್ದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಅದು ಸದಾ ಹಣೆಯ ಮೇಲೆ, ವಿಭೂತಿಗೆ ಒತ್ತಿಕೊಂಡು, ಗಾಜೆಲ್ಲ ಮಸಕಾಗಿ ಕೂತಿರುತ್ತಿತ್ತು. ಅದಿಲ್ಲದೆ ಅವರಿಗೆ ಹತ್ತಿರದ್ದು ಏನೂ ಕಾಣುತ್ತಿರಲಿಲ್ಲ. ಆದರೂ ನನ್ನ ಕಂಪ್ಯೂಟರಿನ ಮುಂದೆ ಬಾಗಿ "ಸಖತ್ತಾಗಿದೆ" ಎನ್ನುತ್ತಿದ್ದರು. ಒಂದು ಸಲ ಪರದೆ ಆಫ್ ಆಗಿತ್ತು. ಆಗಲೂ ಸಖತ್ತಾಗಿತ್ತು.

ಸಾರಕ್ಕಿಯಲ್ಲಿ ಅವರ ತಾತ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲೇ ಅವರ ಶೆಡ್ಡು. ಅಲ್ಲಿನ ಫರ್ನೇಸಿನಲ್ಲಿ ಸಾವಿರ ಡಿಗ್ರಿಗೂ ಮೀರಿದ ಬಿಸಿಯಲ್ಲಿ ಪುಡಿ ಕರಗಿಸಿ, ನಿಧಾನವಾಗಿ ತಣಿಸಿ ಹರಳು ಬೆಳೆಸುತ್ತಿದ್ದೆವು. ಬಾಗಿಲು ತೆಗೆದು ಇಣುಕುವಂತಿಲ್ಲ. ಅದಕ್ಕೇ ಒಂದು ಕಡೆಯಿಂದ ಎಕ್ಸ್-ರೇ ಹಾಯಿಸಿ, ಇನ್ನೊಂದು ಕಡೆ ಬೀಳುವ ನೆರಳಿನ ಚಿತ್ರ ತೆಗೆಯುವುದು ನನ್ನ ಕೆಲಸ. ಎಷ್ಟು ಗಟ್ಟಿಯಾಗಿದೆ, ಎಷ್ಟು ಇನ್ನೂ ನೀರಾಗಿದೆ, ಬಿರುಕು ಬಿಟ್ಟಿದೆಯೇ, ಎಲ್ಲವೂ ಆ ಬೂದು ನೆರಳಿನಲ್ಲಿ ಕಾಣುತ್ತಿತ್ತು. ನೋಡುವವರಿಗೆ.

ಡೈರೆಕ್ಟರು ನೋಡುವವರಲ್ಲ, ತೋರಿಸುವವರು. ಬಂದವರಿಗೆಲ್ಲ ಶೆಡ್ಡು ಸುತ್ತಿಸಿ, "ಜಾಗ ನಮ್ದು, ಫರ್ನೇಸ್ ನಮ್ದು, ಕ್ರಿಸ್ಟಲ್ ಇನ್ಯಾರ್ದು?" ಎಂದು ನಗುತ್ತಿದ್ದರು. ಬೆಳೆಸಿದ ನಾವು ಪಕ್ಕದಲ್ಲೇ ನಿಂತಿರುತ್ತಿದ್ದೆವು.

ಅಂದು ಆಯುಧಪೂಜೆ. ಹತ್ತೊಂಬತ್ತು ದಿನ ಕೂತು ನಾನು ಬೆಳೆಸಿದ ಹರಳು ಒಳಗಿತ್ತು. ಅಷ್ಟು ದೊಡ್ಡದು ನಮ್ಮಲ್ಲಿ ಯಾವತ್ತೂ ಬೆಳೆದಿರಲಿಲ್ಲ. ಸರಿಯಾಗಿ ಹೊರಬಂದರೆ ವರದಿಯಲ್ಲಿ ನನ್ನ ಹೆಸರೇ ಮೊದಲು. ಒಳಗೆ ಇನ್ನೂ ನಾನೂರು ಡಿಗ್ರಿ, ತಣಿಯಲು ಎರಡು ದಿನ ಬೇಕಿತ್ತು. ಬೆಳಿಗ್ಗೆ ತೆಗೆದ ಚಿತ್ರದಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ.

"ಮೆಷಿನ್ ಎಲ್ಲಾ ಆಫ್ ಮಾಡಮ್ಮ, ಪೂಜೆ ಟೈಮು. ಬಾಗ್ಲೂ ತೆಗಿ. ಗೆಸ್ಟ್ ಬಂದಿದಾರೆ, ಕ್ರಿಸ್ಟಲ್‌ಗೂ ಆರತಿ ಬೆಳಗೋಣ."

"ಈಗ ತೆಗೆದ್ರೆ ಒಡೆಯುತ್ತೆ ಸಾರ್. ಬೇಕಾದ್ರೆ ಅವರಿಗೆ ಈ ಚಿತ್ರ ತೋರ್ಸಿ."

ಕನ್ನಡಕ ಹಣೆಯಿಂದ ಇಳಿಯಲಿಲ್ಲ. "ಏನಿದೆ ಇದ್ರಲ್ಲಿ, ಬರೀ ಬೂದಿ. ಎಕ್ಸ್-ರೇ ಮೂಳೆ ಮುರ್ಕೊಂಡೋರಿಗಮ್ಮ. ಜನ ಕಣ್ಣಾರೆ ನೋಡ್ಬೇಕು."

ನಾನು ಕದಲಲಿಲ್ಲ. ಅವರೇ ಬಾಗಿಲು ಎಳೆದರು. ಮಂಗಳಾರತಿಯ ನಡುವೆ ಒಳಗಿನಿಂದ ಟಿಣ್ ಎಂದಿತು. ಒಬ್ಬ ಅತಿಥಿ ಗಂಟೆಯೆಂದುಕೊಂಡು ಕೈಮುಗಿದರು.

ವರದಿಯಲ್ಲಿ ನನ್ನ ಹೆಸರೇನೋ ಬಂತು, ಹರಳು ಒಡೆಯಲು ಕಾರಣ ಎಂಬಲ್ಲಿ. ನಾನು ಬಾಯಿ ಮುಚ್ಚಿಕೊಂಡು ಕೆಲಸ ಬಿಟ್ಟೆ. ಆ ಮನುಷ್ಯನ ಮೇಲಿನಷ್ಟೇ ತಿರಸ್ಕಾರ ನನಗೆ ಆ ನನ್ನ ಮೌನದ ಮೇಲೂ ಇದೆ.

ಈಚೆಗೆ ಅವರು ತೀರಿಕೊಂಡರು. ಜೆ.ಪಿ. ನಗರದ ಮನೆಗೆ ಹೋಗಿಬಂದೆ. ದುಃಖಕ್ಕಲ್ಲ, ಹೋಗದಿದ್ದರೆ ಚೆನ್ನಾಗಿರುವುದಿಲ್ಲವೆಂದು. ಶೋಕೇಸಿನಲ್ಲಿ ನನ್ನ ಹರಳಿತ್ತು, ಬಿರುಕು ಗೋಡೆಯ ಕಡೆಗೆ. ನಾನು ಅದನ್ನೇ ನೋಡುತ್ತಿದ್ದುದನ್ನು ಅವರ ಹೆಂಡತಿ ಗಮನಿಸಿದರು.

"ಅದನ್ನ ಯಾರೋ ಹುಡುಗಿ ಒಡೆದುಹಾಕಿದ್ಲಂತೆ. ಕೊನೇವರೆಗೂ ಬೈತಿದ್ರು."

"ಆ ಹುಡುಗಿ ನಾನೇ ಆಂಟಿ. ಒಡೆದಿದ್ದು ನಾನಲ್ಲ."

ಸಾವಿನ ಮನೆಯಲ್ಲಿ ಆಡುವ ಮಾತಲ್ಲ. ಆಡಿದೆ. ಫರ್ನೇಸಿನ ಬಾಗಿಲು ತೆಗೆಯುವ ಮುಂಚಿನದು ಎಂದು ಹೇಳಿ, ಆ ಬೆಳಗಿನ ಚಿತ್ರವನ್ನು ಫೋನಿನಲ್ಲಿ ತೆರೆದು ಕೊಟ್ಟೆ. ಆಕೆ ಗಂಡನ ಫೋಟೊದ ಮುಂದಿಟ್ಟಿದ್ದ ಕನ್ನಡಕ ಎತ್ತಿಕೊಂಡು, ಸೆರಗಿನಲ್ಲಿ ಚೆನ್ನಾಗಿ ಒರೆಸಿ, ಕಣ್ಣಿಗೆ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇದ್ರಲ್ಲಿ ಒಂದು ಗೀರೂ ಇಲ್ವಲ್ಲಮ್ಮ. ಬಾಗ್ಲು ತೆಗೆದಿದ್ದು ಯಾರು?"

ಹಾರ ಹಾಕಿದ್ದ ಫೋಟೊದ ಕಡೆ ನಾನು ನೋಡಿದೆ. ಅದರಲ್ಲೂ ಕನ್ನಡಕ ಹಣೆಯ ಮೇಲೇ ಇತ್ತು. ಆಕೆಯೂ ಅತ್ತ ನೋಡಿದರು. ಆಮೇಲೆ ಎದ್ದು ಶೋಕೇಸು ತೆರೆದು ಹರಳನ್ನು ನನ್ನ ಕೈಗಿಟ್ಟರು.

"ನಿಂದು. ತಗೊಂಡ್ಹೋಗು."

ಈಗ ಅದು ನಾನೇ ಹಾಕಿಕೊಂಡ ಸಣ್ಣ ಶೆಡ್ಡಿನಲ್ಲಿ, ನನ್ನ ಫರ್ನೇಸಿನ ಪಕ್ಕ ಇದೆ, ಬಿರುಕು ಎಲ್ಲರಿಗೂ ಕಾಣುವಂತೆ. ಅವರ ಮನೆಯಿಂದ ನನಗೆ ಬಂದದ್ದು ಅದೊಂದೇ. ಅದನ್ನೂ ಕೊಟ್ಟದ್ದು ಡೈರೆಕ್ಟರಲ್ಲ.