ಲಕ್ಷ್ಮಿಗೆ ಅರ್ಧ ಗಂಟೆ

ಇವತ್ತು ಮಾಡಿದ್ದು: ನಲ್ಲಿ ನೀರು ಬಂದಿತ್ತು, ಒಂದು ಡ್ರಮ್ಮು, ನಾಲ್ಕು ಬಿಂದಿಗೆ ತುಂಬಿಸಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಕಡಲೆಕಾಯಿ ಬೀಜ ಹುರಿದು, ಸಿಪ್ಪೆ ಊದಿ, ಚಟ್ನಿಪುಡಿ ಮಾಡಿದೆ. ಅಂಗಡಿಯವರು ಕೊಟ್ಟಿದ್ದ ಐದು ಸೀರೆಗೆ ಫಾಲ್ ಹೊಲಿದೆ. ಒಂದಕ್ಕೆ ದಾರದ ಬಣ್ಣ ಹೊಂದಲಿಲ್ಲವೆಂದು ಬಿಚ್ಚಿ ಮತ್ತೆ ಹೊಲಿದೆ. ದಿಂಬಿನ ಕವರು ಒಗೆದೆ. ಸಂಜೆ ಆರಕ್ಕೆ ದೀಪ ಹಚ್ಚಿ, ಮುಂಬಾಗಿಲು ತೆರೆದಿಟ್ಟು, ಅರ್ಧ ಗಂಟೆ ಕೂತೆ.

ಈ ಕೊನೆಯದು ಹೊಸ ಕೆಲಸ. ಅದು ಹೇಗೆ ಬಂತೆಂದು ಬರೆದಿಡಬೇಕು.

ಮಧುಗಿರಿಯ ಈ ಮನೆ ನನಗೆ ಮೂರನೆಯ ಬಾಡಿಗೆ ಮನೆ. ಅಮ್ಮ ಹೋದ ಮೇಲೆ ಪಾವಗಡದಲ್ಲಿ ಅಣ್ಣ, "ನಿನ್ ಜೊತೆ ಏಗೋಕಾಗಲ್ಲ, ನಿನ್ ದಾರಿ ನೀನು ನೋಡ್ಕೋ" ಅಂದ. ಶಿರಾದಲ್ಲಿ ಹಿಡಿದ ರೂಮಿಗೆ ಓನರು ಇನ್ನೊಂದು ಬೀಗದಕೈ ಇಟ್ಟುಕೊಂಡಿದ್ದ. ನಾನು ಸ್ನಾನಕ್ಕೆ ಹೋದಾಗಲೂ ಒಳಗೆ ಬರುತ್ತಿದ್ದ. ಕೊರಟಗೆರೆಯಲ್ಲಿ, ನನ್ನನ್ನು ನೋಡಲು ಯಾರೂ ಬರುವುದಿಲ್ಲ ಎಂಬುದೇ ಅನುಮಾನವಾಗಿ ಎಂಟು ತಿಂಗಳಿಗೆ ಮನೆ ಬಿಡಿಸಿದರು. ಇಲ್ಲಿ ಸಾಲಾಗಿ ಮೂರು ಮನೆ. ಮೊದಲನೆಯದು ಓನರಮ್ಮನದು, ನಡುವಿನದು ನನ್ನದು, ಕೊನೆಯದು ಹೊಸದಾಗಿ ಮದುವೆಯಾದ ಹುಡುಗಿಯದು. ಅವಳ ಗಂಡ ಬಸ್ ಕಂಡಕ್ಟರ್.

ಸಂಜೆಯ ಹೊತ್ತು ಕುಕ್ಕರು, ಧಾರಾವಾಹಿ, ಸ್ಕೂಟರು, ಮಕ್ಕಳ ಕಿರುಚಾಟ ಎಲ್ಲ ಒಟ್ಟಿಗೆ ನನ್ನ ತಲೆಗೆ ನುಗ್ಗುತ್ತವೆ. ಬೇರೆಯವರು ಒಂದನ್ನು ಕೇಳಿ ಉಳಿದದ್ದನ್ನು ಬಿಡುತ್ತಾರಂತೆ; ನನಗೆ ಬಿಡಲು ಬರುವುದಿಲ್ಲ. ನಲವತ್ತು ದಾಟಿದ ಮೇಲೆ ತುಮಕೂರಿನ ಡಾಕ್ಟರು ಅದಕ್ಕೆ ಆಟಿಸಂ ಎಂದು ಹೆಸರು ಹೇಳಿದರು. ಹೆಸರು ಸಿಕ್ಕಿತು, ಸದ್ದು ಹೋಗಲಿಲ್ಲ. ಹಾಗಾಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ.

"ದೀಪ ಹಚ್ಚೋ ಹೊತ್ನಾಗೆ ಮುಂಬಾಗ್ಲು ಹಾಕ್ಕಂಡ್ರೆ ಲಕ್ಷ್ಮಿ ಹೆಂಗ್ ಬತ್ತಾಳೆ ಕಣಮ್ಮ?" ಎಂದರು ಓನರಮ್ಮ. "ನಿನ್ ಮನೆಗ್ ಬರದಿದ್ರೆ ಬುಡು, ನನ್ ಗೋಡೆಗೆ ಅಂಟ್ಕಂಡೈತಲ್ಲ ನಿನ್ ಗೋಡೆ!"

ಸದ್ದಿನ ವಿಷಯ ಹೇಳಿದೆ.

"ಬೀದಿ ಅಂದ್ಮೇಲೆ ಸದ್ದಿರಲ್ವಾ? ಬೆಟ್ಟದ್ ಮೇಲೆ ಮನೆ ಮಾಡು ಹೋಗು."

ಬೇಕಾದರೆ ಅರ್ಧ ಗಂಟೆ ತೆರೆದಿಡುತ್ತೇನೆ ಎಂದು ಎರಡು ಸಲ ಹೇಳಿದೆ. ಕಿವಿಗೇ ಹಾಕಿಕೊಳ್ಳಲಿಲ್ಲ.

ಗಂಡನಿಗೆ ರಜೆಯಿದ್ದ ದಿನ ಆ ಹುಡುಗಿಯ ಬಾಗಿಲೂ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಹಾಕಿರುತ್ತಿತ್ತು. ಅದಕ್ಕೆ ಓನರಮ್ಮ ಸೆರಗು ಬಾಯಿಗಿಟ್ಟು ನಗುತ್ತಿದ್ದರು: "ಹೊಸಬ್ರು, ಬುಡು." ನನಗೆ ಹೊಟ್ಟೆ ಉರಿಯುತ್ತಿತ್ತು. ಅದೇ ಮರದ ಬಾಗಿಲು, ಅದೇ ಹಸಿರು ಬಣ್ಣ. ಅವಳು ಹಾಕಿದರೆ ನಗು, ನಾನು ಹಾಕಿದರೆ ದರಿದ್ರ. ಹೊಲಿಗೆ ಹಿಡಿದು ಕೂತರೂ ಕಣ್ಣು ಆ ಬಾಗಿಲ ಕಡೆಗೇ. ಒಂದು ಸಂಜೆ ತಡೆಯಲಾಗದೆ ಓನರಮ್ಮನಿಗೆ ಹೇಳಿಯೇಬಿಟ್ಟೆ: "ಅವಳದ್ದೂ ಹಾಕಿದೆ, ಹೋಗಿ ಅವಳನ್ನೂ ಕೇಳಿ."

ಅವರು ಹೋಗಿ ಅವಳ ಬಾಗಿಲೂ ಬಡಿದರು. ವಾಪಸು ಬಂದು ನನಗೆ ಹೇಳಿದ್ದು ಇದು: "ಅವ್ಳಿಗೆ ಗಂಡ ಅವ್ನೆ. ನಿಂಗ್ಯಾರವ್ರೆ? ಒಳಗೇ ಬಿದ್ದು ಸತ್ರೂ ನಂಗೆ ಗೊತ್ತಾಗಾಕಿಲ್ಲ. ಶುಕ್ರವಾರದಿಂದ ಬಾಗ್ಲು ತೆಗ್ದಿರ್ಬೇಕು. ಇಲ್ಲಾಂದ್ರೆ ಬೇರೆ ಮನೆ ನೋಡ್ಕೋ."

ಇನ್ನೊಂದು ಮನೆ ಹುಡುಕುವ ಶಕ್ತಿ ನನ್ನಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆ ಆ ಹುಡುಗಿ ಬಂದು ಹೊಸ್ತಿಲಲ್ಲಿ ನಿಂತಳು. "ಅಕ್ಕಾ, ಚಾಡಿ ಹೇಳಿದ್ದು ನೀವೇ ಅಂತೆ?"

"ಹೌದು."

"ಯಾಕೆ?"

"ಹೊಟ್ಟೆಕಿಚ್ಚಿಗೆ."

ಅವಳು ನನ್ನನ್ನೇ ನೋಡಿದಳು. "ನನ್ ಗಂಡನ್ ಮೇಲೇನಲ್ವಲ್ಲ?"

"ಅಲ್ಲ. ನಿನ್ನ ಚಿಲಕದ ಮೇಲೆ."

ಬಿದ್ದು ಬಿದ್ದು ನಕ್ಕಳು. ಆಮೇಲೆ ಕೂತು, ಎಲ್ಲವನ್ನೂ ಕೇಳಿ, ನನ್ನನ್ನು ಕರೆದುಕೊಂಡೇ ಓನರಮ್ಮನ ಹತ್ತಿರ ಹೋದಳು.

"ಅಜ್ಜೀ, ಅಕ್ಕ ಆರರಿಂದ ಆರೂವರೆವರ್ಗೂ ಬಾಗ್ಲು ತೆಗ್ದಿಡ್ತಾರೆ. ಲಕ್ಷ್ಮಿಗೆ ಒಳಗ್ ಬರಾಕೆ ಅರ್ಧ ಗಂಟೆ ಸಾಲ್ದಾ? ಅವ್ಳೇನ್ ಕುಂಟ್ಕಂಡ್ ಬತ್ತಾಳಾ? ಆಮೇಲೆ ಹಾಕ್ಕಳ್ಳಿ. ಬೆಳಿಗ್ಗೆ ರಂಗೋಲಿ ಬಿದ್ದಿಲ್ಲ ಅಂದ್ರೆ ನಾನೇ ಹೋಗಿ ಬಾಗ್ಲು ಬಡೀತೀನಿ."

"ಅಂಗಂದ್ರೆ ಸರಿ ಬುಡು," ಎಂದರು ಓನರಮ್ಮ. ನನ್ನ ಕಡೆ ತಿರುಗಿ, "ಇದ್ನ ಮೊದ್ಲೇ ಹೇಳಾಕೇನಾಗಿತ್ತು ನಿಂಗೆ?"

ಮನೆ ಉಳಿಯಿತು. ಅವಳಿಗೆ ಥ್ಯಾಂಕ್ಸ್ ಹೇಳಿದೆ. ಮನಸಾರೆ ಹೇಳಿದೆನೆಂದು ಬರೆದರೆ ಸುಳ್ಳಾಗುತ್ತದೆ. ಮೂರು ವಾರ ನಾನು ಲಕ್ಷ್ಮಿಯ ಮಾತಿಗೇ ಉತ್ತರ ಕೊಡುತ್ತಿದ್ದೆ. ಓನರಮ್ಮನಿಗೆ ಇದ್ದದ್ದು ನಾನು ಒಳಗೇ ಸತ್ತು ಬಿದ್ದಿದ್ದರೆ ಎಂಬ ಭಯ ಎಂದು ಅವಳಿಗೆ ಒಂದೇ ಗಳಿಗೆಯಲ್ಲಿ ತಿಳಿಯಿತು. ಜನರು ಹೇಳದೆ ಬಿಟ್ಟದ್ದನ್ನು ಕೇಳಿಸಿಕೊಳ್ಳುವ ಆ ಕಿವಿ ನನಗಿದ್ದಿದ್ದರೆ ಶಿರಾ, ಕೊರಟಗೆರೆ ಎಂದು ಪೆಟ್ಟಿಗೆ ಹೊರುತ್ತಿರಲಿಲ್ಲವೇನೋ. ಈಗ ಚಿಲಕದ ಮೇಲಿನ ಹೊಟ್ಟೆಕಿಚ್ಚು ಹೋಗಿ ಅವಳ ಕಿವಿಯ ಮೇಲೆ ಬಂದು ಕೂತಿದೆ.

ಇವತ್ತು ಶುಕ್ರವಾರ. ಕಿವಿಗೆ ಹತ್ತಿಯಿಟ್ಟುಕೊಂಡು ಮೂವತ್ತು ನಿಮಿಷ ಕಳೆದೆ. ಓನರಮ್ಮ ಎರಡು ಸಲ ಇಣುಕಿ ಹೋದರು. ಆರೂವರೆಗೆ ಎದ್ದು ಬಾಗಿಲು ಹಾಕಿದೆ, ಯಾರೂ ಬಡಿಯಲಿಲ್ಲ.

ರಾತ್ರಿಗೆ ಮುದ್ದೆ, ಹುರುಳಿಕಾಳಿನ ಸಾರು, ಒಂದು ಹಸಿ ಈರುಳ್ಳಿ. ಮೂರು ಮನೆಯಲ್ಲಿ ಮೊದಲು ಮಲಗಿದ್ದು ಆ ಹುಡುಗಿ. ಎಂಟೂವರೆಗೇ ಗೋಡೆಯಾಚೆ ಅವಳ ಗೊರಕೆ ಕೇಳುತ್ತಿತ್ತು, ಎಷ್ಟು ಸಲೀಸಾಗಿ.