ಎರಡುಗುಂಡಿ ಅಮ್ಮ

"ನೋಡಪ್ಪ ಅಳಿಯ, ಈ ಯಂತ್ರದ ಮುಂದೆ ಇಪ್ಪತ್ತೆಂಟು ವರ್ಷ ನಿಂತಿದೀನಿ. ಎರಡು ಗುಂಡಿ ಯಾಕಿಟ್ಟಿದ್ದಾರೆ ಗೊತ್ತಾ? ಎರಡೂ ಕೈಯಲ್ಲಿ ಒತ್ತಿದ್ರೇನೇ ಅಲಗು ಇಳಿಯೋದು. ಆಗ ಅಲಗಿನ ಕೆಳಗಿಡೋಕೆ ಮೂರನೇ ಕೈ ಎಲ್ಲಿಂದ ತರ್ತೀಯ? ನೀನು ಒಂದು ಗುಂಡಿ ಒತ್ತಿಕೊಂಡೇ ಇರೋ ಹಾಗೆ ರಬ್ಬರ್ ಬ್ಯಾಂಡ್ ಬಿಗಿದು ಮಹಾ ಜಾಣ ಅನ್ಕೊಂಡಿದೀಯ. ನಿನ್ನನ್ನ ಒಂಬತ್ತು ಬೆರಳಲ್ಲಿ ಮನೆಗೆ ಕಳಿಸಿದ್ರೆ ನನ್ನ ಮಗಳು ನನ್ನನ್ನ ಸುಮ್ನೆ ಬಿಡ್ತಾಳಾ?"

ಪುಸ್ತಕ ಕಟ್ಟುವ ಆ ಕಾರ್ಖಾನೆಯಲ್ಲಿ ಕಾಗದ ಕತ್ತರಿಸುವ ಅತ್ತೆಯನ್ನು ಎಲ್ಲರೂ ಎರಡುಗುಂಡಿ ಅಮ್ಮ ಎಂದೇ ಕರೆಯುತ್ತಿದ್ದರು. ವಾರದ ಹಿಂದಷ್ಟೇ ಅದೇ ಕೆಲಸಕ್ಕೆ ಸೇರಿದ್ದ ಅಳಿಯ ಹಲ್ಲು ಕಿರಿದ.

"ಒಂದು ಕೈ ಖಾಲಿಯಿದ್ರೆ ಕಾಗದ ಒತ್ತಿ ಹಿಡ್ಕೋಬಹುದು, ಅತ್ತೆ. ಕೆಲಸ ಬೇಗ ಆಗುತ್ತೆ. ನಾನು ಹುಷಾರಾಗೇ ಇರ್ತೀನಿ."

ಅತ್ತೆ ವಾದಕ್ಕೆ ಇಳಿಯಲಿಲ್ಲ. ಅವನ ಊಟದ ಡಬ್ಬಿಯಿಂದ ಒಂದು ಸೌತೆಕಾಯಿ ತೆಗೆದು, ಅಲಗಿನ ಕೆಳಗೆ ಅವನು ಕಾಗದ ಒತ್ತಿ ಹಿಡಿಯುವ ಜಾಗದಲ್ಲೇ ಇಟ್ಟರು.

"ಇದೇ ನಿನ್ನ ಬೆರಳು. ಇನ್ನೊಂದು ಕೈ ಗುಂಡಿ ಮೇಲಿಟ್ಟು ಈಗ ಸೀನು."

"ಸೀನೋದಾ?"

"ಹೂಂ. ಈ ಧೂಳಿಗೆ ದಿನಕ್ಕೆ ಹತ್ತು ಸಲ ಸೀನ್ತೀಯಲ್ಲ!"

ಅವನು ನಗುತ್ತಲೇ ಸುಳ್ಳು ಸೀನು ಸೀನಿದ. ಮೈ ಮುಂದಕ್ಕೆ ವಾಲಿತು, ಕೈ ತಾನಾಗಿ ಗುಂಡಿಯನ್ನು ಒತ್ತಿತು. ಕಚಕ್! ಸೌತೆಕಾಯಿ ಎರಡು ತುಂಡಾಯಿತು.

ಅಳಿಯನ ಮುಖ ಬಿಳಿಚಿಕೊಂಡಿತು. ರಬ್ಬರ್ ಬ್ಯಾಂಡ್ ಕಿತ್ತು ಬಿಸಾಡಿದ.

"ಸರಿ, ಡಬ್ಬೀಲಿ ಉಪ್ಪಿದೆಯಾ?" ಎಂದರು ಅತ್ತೆ.

ಯಂತ್ರದ ಸ್ವಿಚ್ ಆರಿಸಿ ಇಬ್ಬರೂ ಒಂದೊಂದು ತುಂಡು ತಿಂದರು. ಆಮೇಲೆ ಅಳಿಯ ಪೊರಕೆ ಹಿಡಿದು, ಯಂತ್ರದ ಸುತ್ತ ಬಿದ್ದಿದ್ದ ಕಾಗದದ ಚೂರುಗಳನ್ನು ಗುಡಿಸಿ ಚೀಲಕ್ಕೆ ತುಂಬತೊಡಗಿದ.