ಸಹಿ ಇತ್ತು, ಮನುಷ್ಯ ಇರಲಿಲ್ಲ

ಕೋಲ್ಕತ್ತಾದ ಹೊರವಲಯದ ಮೈದಾನದಲ್ಲಿ ನಾವು ಸೇನೆಯ ಫಿರಂಗಿಗಳನ್ನು ಪರೀಕ್ಷಿಸುತ್ತೇವೆ. ಗುಂಡು ಹಾರಿಸುವ ಮೊದಲು ಎಲ್ಲರೂ ಬಂಕರಿನೊಳಗೆ ಬಂದಿದ್ದಾರೆಯೇ ಎಂದು ಎಣಿಸುವ ಕೆಲಸ ಆರು ವರ್ಷ ನನ್ನದಾಗಿತ್ತು. ಹೋದ ವರ್ಷ ಅದನ್ನು ಹೊಸದಾಗಿ ಬಂದ ಮೌಶುಮಿಗೆ ಕೊಟ್ಟರು. ನನಗೆ ಹೊಟ್ಟೆಕಿಚ್ಚಾಯಿತು.

ಅವಳ ಮೊದಲ ಪರೀಕ್ಷೆಯ ದಿನ, ಬಂಕರಿಗೆ ಬಂದವರು ಸಹಿ ಹಾಕುವ ರಿಜಿಸ್ಟರಿನಲ್ಲಿ ಹದಿನೆಂಟೂ ಜನರ ಸಹಿ ಬಿದ್ದಿದ್ದವು. ಆದರೂ ಅವಳು ಒಬ್ಬೊಬ್ಬರ ಮುಖ ನೋಡಿ ಎಣಿಸಿ, "ಒಬ್ಬರು ಕಡಿಮೆ. ಫೈರಿಂಗ್ ನಿಲ್ಲಿಸಿ," ಎಂದಳು. ಸೇನಾಧಿಕಾರಿಗಳು ಗಡಿಯಾರ ನೋಡತೊಡಗಿದರು.

"ಸಹಿ ಇದೆಯಲ್ಲಮ್ಮ. ನಾನಾಗಿದ್ದರೆ ಇಷ್ಟೊತ್ತಿಗೆ ಹಸಿರು ಬಾವುಟ ತೋರಿಸಿರುತ್ತಿದ್ದೆ," ಎಂದೆ, ಎಲ್ಲರಿಗೂ ಕೇಳುವ ಹಾಗೆ.

"ಸಹಿ ಇದೆ ದಾದಾ, ಮನುಷ್ಯ ಎಲ್ಲಿ?" ಎಂದಳು, ಅಣ್ಣನನ್ನು ಕೇಳುವ ಹಾಗೆ.

ಹುಡುಕಿದಾಗ ಗುರಿಯ ದಿಬ್ಬದ ಹಿಂದೆ ನಮ್ಮ ಹಳೆಯ ಫಿಟ್ಟರ್ ನಿಮಾಯಿದಾ ಸಿಕ್ಕರು. ಸಹಿ ಹಾಕಿದ ಮೇಲೆ, ಮರೆತು ಬಂದ ಕನ್ನಡಕ ತರಲು ವಾಪಸು ಹೋಗಿದ್ದರಂತೆ. ನನ್ನ ಕೈಕಾಲು ತಣ್ಣಗಾದವು. ಎಲ್ಲರೂ ಮೌಶುಮಿಯನ್ನು ಸುತ್ತುವರಿದಾಗ ಆ ತಣ್ಣಗಿನ ಕೈಯಲ್ಲೇ ಚಪ್ಪಾಳೆ ತಟ್ಟಿದೆ.

ಸಂಜೆ ಟಾಲಿಗಂಜ್‌ನ ಮನೆಯಲ್ಲಿ ಹೆಂಡತಿಗೆ ಹೇಳಿದೆ. "ಎಂಥಾ ಒಳ್ಳೆ ಹುಡುಗಿ! ಊಟಕ್ಕೆ ಕರೀರಿ," ಎಂದಳು. ಕರೆಯಬೇಕು, ಖಂಡಿತ ಕರೆಯುತ್ತೇನೆ. ಹೀಗಂದುಕೊಂಡು ಎಂಟು ತಿಂಗಳಾಯಿತು.